ನಡೆಯದ ಹೆಜ್ಜೆ

"ಅಕ್ಕ, ಈ ಹೆಜ್ಜೆ ನಿಂದೇನಾ?"

ಪ್ರಕಾಶನದ ಕಚೇರಿಯ ಮುಂದಿನ ಕೋಣೆಯಲ್ಲಿ ಬಂದವರಿಗೆಂದು ಮೆತ್ತನೆಯ ಕುರ್ಚಿಗಳಿದ್ದವು. ಚಿಕ್ಕಮ್ಮನ ಮಗಳು ಅವುಗಳಲ್ಲಿ ಕೂರಲಿಲ್ಲ. ನಿಂತುಕೊಂಡೇ ಕೈಯಲ್ಲಿದ್ದ ಪ್ರವಾಸಿ ಕೈಪಿಡಿಯನ್ನು ಬಿಡಿಸಿ, ಒಂದು ಪುಟದ ಅಂಚಿನ ಮೇಲೆ ಬೆರಳಿಟ್ಟಳು. ಅಲ್ಲಿ ಕೆಂಪು ಬಣ್ಣದ ಪುಟ್ಟ ಪಾದದ ಗುರುತಿತ್ತು.

ಆ ಗುರುತಿನ ಮೇಲೆಯೇ ಈ ಪ್ರಕಾಶನ ನಿಂತಿತ್ತು. ಬೇರೆಯವರ ಕೈಪಿಡಿಗಳಲ್ಲಿ ನಕ್ಷತ್ರಗಳಿರುತ್ತವೆ, ಇವರದರಲ್ಲಿ ಹೆಜ್ಜೆ. ಲೇಖಕರು ಖುದ್ದಾಗಿ ನಡೆದು ನೋಡಿದ ಜಾಗಕ್ಕೆ ಮಾತ್ರ ಈ ಹೆಜ್ಜೆ ಎಂದು ಮುನ್ನುಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಓದುಗರು ಹೆಜ್ಜೆ ನೋಡಿ ಊಟದ ಜಾಗ ಆರಿಸುತ್ತಿದ್ದರು, ಹೆಜ್ಜೆ ನೋಡಿ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತುತ್ತಿದ್ದರು.

"ನಂದೇ," ಎಂದಳು ಅವಳು. ಅವಳು ಅಲ್ಲಿನ ಲೇಖಕಿ, ಆ ಭಾಗದ ಕೆಳಗೆ ಅವಳ ಹೆಸರೇ ಇತ್ತು.

"ಓದ್ಲಾ?" ಎಂದು ತಂಗಿ ಉತ್ತರಕ್ಕೂ ಕಾಯದೆ ಓದಿದಳು. "'ಹಳೆ ಗಿರಣಿ ಸಾಲಿನ ಹಿಂಬದಿಯ ಕಲ್ಲುಮೆಟ್ಟಿಲು ಎಲ್ಲರಿಗೂ ತೆರೆದ ದಾರಿ. ಕೆಳಗಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಸಂಕೋಚವಿಲ್ಲದೆ ಒಳನಡೆಯಿರಿ, ಇಲ್ಲಿಯವರು ನಗುಮುಖದ ಜನ. ಮೇಲಿನ ನೀರಿನ ತೊಟ್ಟಿಯ ಕಟ್ಟೆಯಿಂದ ಇಡೀ ಬಂದರು ಕಾಣುತ್ತದೆ.' ಚೆನ್ನಾಗಿ ಬರೆದಿದ್ದೀಯ."

"ಏನಾಯ್ತು ಈಗ?"

"ಆ ಬಾಗಿಲು ನಮ್ಮನೇದು ಅಕ್ಕ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಚಿಕ್ಕಪ್ಪ ಪಾರ್ಶ್ವವಾಯು ಬಡಿದು ಮಲಗಿದ ಮೇಲೆ ಚಿಕ್ಕಮ್ಮನ ಮನೆಯವರು ಬಾಡಿಗೆ ಕಡಿಮೆಯಿರುವ ಕಡೆ ಹೋಗಿದ್ದಾರೆ, ಗಿರಣಿಯ ಕಡೆ ಎಲ್ಲೋ, ಎಂದಷ್ಟೇ ಅವಳಿಗೆ ಗೊತ್ತಿತ್ತು. ಹೋಗಬೇಕು ಹೋಗಬೇಕು ಅಂದುಕೊಳ್ಳುತ್ತಲೇ ಇದ್ದಳು. ಫೋನಿನಲ್ಲಿ ಪ್ರತಿಸಲವೂ ಹೇಳುತ್ತಿದ್ದಳು ಕೂಡ.

"ಆ ಮೆಟ್ಟಿಲ ಬುಡಕ್ಕೆ ಗೋಡೆ ಎತ್ತಿ, ಮೇಲೆ ತಗಡು ಹೊದಿಸಿ, ಕೋಣೆ ಅಂತ ಬಾಡಿಗೆಗೆ ಕೊಟ್ಟಿದ್ದು ಅದೇ ಗಿರಣಿ ಮಾಲೀಕರು. ಕಿಟಕಿ ಇಲ್ಲ. ಗಾಳಿಗೆ ಬಾಗಿಲು ತೆಗೆದಿಡ್ತೀವಿ. ಅಪ್ಪನ ಮಂಚ ಬಾಗಿಲಿಗೇ ಇದೆ. ನಿನ್ನ ಪುಸ್ತಕ ಬಂದ ಮೇಲೆ ದಿನಾ ಜನ. ಅಮ್ಮ ಅಪ್ಪನ ಮೈ ಒರೆಸ್ತಿದ್ರೆ ನಾಲ್ಕು ಜನ ಬೂಟು ಹಾಕ್ಕೊಂಡು ಒಳಗೆ ಬಂದು, 'ಓ, ಮುಂದುವರಿಸಿ, ಮುಂದುವರಿಸಿ' ಅಂತ ಹೇಳ್ತಾರೆ. ನಗುಮುಖ ಎಲ್ಲಿ ಅಂತ ಹುಡುಕ್ತಾರೋ ಏನೋ."

"ಬಾಗಿಲಿಗೊಂದು ಬೋರ್ಡು..."

"ಬೋರ್ಡು ಹಾಕಿದ್ವಿ. ಮಾಲೀಕರ ಮ್ಯಾನೇಜರ್ ಬಂದು ಕಿತ್ತುಹಾಕಿದ. ಇದು ಸಾರ್ವಜನಿಕ ದಾರಿಯಂತೆ. ದಾರಿಗೆ ಅಡ್ಡ ಸಂಸಾರ ಹೂಡಿದ್ದೀವಂತೆ, ನಮ್ಮನ್ನ ಎಬ್ಬಿಸ್ಬೇಕಂತೆ. ನಗರಸಭೆಗೆ ಅರ್ಜಿ ಕೊಟ್ಟಿದ್ದಾನೆ. ಸಾಕ್ಷಿ ಏನು ಗೊತ್ತಾ?" ತಂಗಿ ಪುಸ್ತಕವನ್ನು ಪಟ್ಟೆಂದು ಮುಚ್ಚಿದಳು. "ನಿನ್ನ ಕಾಲು."

ನಾಳೆ ಬೆಳಿಗ್ಗೆ ವಿಚಾರಣೆಯಿತ್ತು. ಅವಳು ಬಂದು ಒಂದು ಮಾತು ಹೇಳಬೇಕಿತ್ತು: ಅಲ್ಲಿರುವುದು ದಾರಿಯಲ್ಲ, ಮನೆ, ನಾನು ಹೋದಾಗ ಮನೆಯವರನ್ನು ಕೇಳಿಯೇ ಹೋದೆ ಎಂದು.

"ಬರ್ತೀನಿ," ಎಂದಳು. "ಚಿಕ್ಕಮ್ಮ ಏನಂದ್ರು? ಬೈದ್ರಾ?"

ತಂಗಿ ಮೊದಲ ಬಾರಿಗೆ ಕಣ್ಣು ತಪ್ಪಿಸಿದಳು. "ಅಮ್ಮನಿಗೆ ಆ ಸಾಲುಗಳ ಬಗ್ಗೆ ಬೇಜಾರೇನೂ ಇಲ್ಲ. ಪುಸ್ತಕ ತಂದು ಓದಿ ಹೇಳಿದ ದಿನ ಸಂಜೆ ತನಕ ಸುಮ್ಮನೆ ಕೂತಿದ್ರು. ಆಮೇಲೆ, 'ನಮ್ಮ ಹೊಸ್ತಿಲು ದಾಟಿ ಹೋಗಿದ್ದಾಳೆ ನೋಡು, ನಮ್ಮನೆ ಅಂತ ಗೊತ್ತಾಗಿಲ್ಲ ಅನ್ಸುತ್ತೆ. ಗೊತ್ತಾಗಿದ್ರೂ ಅವಸರ ಇರ್ಬೇಕು ಬಿಡು' ಅಂದ್ರು. ಅಷ್ಟೇ."

ತಂಗಿ ಹೋದ ಮೇಲೂ ಅವಳು ಆ ಕೋಣೆಯಲ್ಲೇ ನಿಂತಿದ್ದಳು. ಆ ಮನೆಯವರು ಕ್ಷಮಿಸಿದ್ದ ತಪ್ಪನ್ನು ಅವಳು ಮಾಡಿಯೇ ಇರಲಿಲ್ಲ. ಆ ಹೊಸ್ತಿಲನ್ನು ಅವಳು ದಾಟಿರಲಿಲ್ಲ. ಗಿರಣಿ ಸಾಲಿಗೆ ಅವಳು ಹೋಗಿಯೇ ಇರಲಿಲ್ಲ.

ಕಚೇರಿಯಲ್ಲಿ ಇದಕ್ಕೆ ಕುರ್ಚಿಯಾತ್ರೆ ಎನ್ನುತ್ತಿದ್ದರು. ಹಿಂದಿನ ಆವೃತ್ತಿಯನ್ನು ಎದುರಿಗಿಟ್ಟುಕೊಳ್ಳುವುದು, ನಾಲ್ಕು ಫೋನು ಮಾಡುವುದು, ಯಾರೋ ತೆಗೆದ ಫೋಟೋ ನೋಡುವುದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಊಹಿಸುವುದು, ಕೊನೆಗೆ ಹೆಜ್ಜೆ ಒತ್ತುವುದು. ಗಿರಣಿ ಸಾಲಿನ ಬಗ್ಗೆ ಅವಳಿಗೆ ಹೇಳಿದ್ದು ಆ ಮ್ಯಾನೇಜರನೇ. ಆತನೇ ಫೋನು ಮಾಡಿದ್ದ. ಅವನು ಸಿಹಿಯಾಗಿ ಮಾತಾಡುತ್ತ ಹೋದಂತೆ ಅವಳು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಟೈಪು ಮಾಡುತ್ತ ಹೋಗಿದ್ದಳು. ಎಲ್ಲರಿಗೂ ತೆರೆದ ದಾರಿ ಎಂಬುದು ಅವನ ಮಾತು. ಒಡೆಯನ ಮಾತು ಅವಳ ಕಾಲು ಹಾಕಿಕೊಂಡು ನಡೆದು ಈಗ ಒಡೆಯನ ಕೈಗೇ ಸಾಕ್ಷಿಯಾಗಿ ಮರಳಿತ್ತು.

ನಗುಮುಖದ ಜನ ಎಂಬುದು ಮಾತ್ರ ಅವಳದೇ. ಬಡವರ ಬೀದಿ ಬಂದಲ್ಲೆಲ್ಲ ಅವಳ ಬೆರಳು ತಾನಾಗಿಯೇ ಆ ಪದವನ್ನು ಒತ್ತುತ್ತಿತ್ತು. ಗೇಟಿರುವ ಬಂಗಲೆಗಳ ಬೀದಿಗೆ ಬಂದರೆ ಅದೇ ಬೆರಳು, 'ಖಾಸಗಿ ನಿವಾಸಗಳು, ಹೊರಗಿನಿಂದಷ್ಟೇ ನೋಡಬಹುದು' ಎಂದು ಮರ್ಯಾದೆಯಿಂದ ಬರೆಯುತ್ತಿತ್ತು. ಯಾರೂ ಹಾಗೆ ಬರೆಯಿರೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಸಂಪಾದಕರಿಗೆ ಹೇಳಿದಾಗ ಅವರು ನಕ್ಕರು. ಕೆಟ್ಟ ಮನುಷ್ಯನೇನಲ್ಲ, ಕಷ್ಟ ಸುಖ ಕೇಳುವವರು.

"ಅಯ್ಯೋ, ಇದಕ್ಯಾಕಮ್ಮಾ ಮುಖ ಇಷ್ಟು ಸಣ್ಣ ಮಾಡ್ಕೊಂಡಿದ್ದೀಯ? ನಮ್ಮಲ್ಲಿ ಯಾರ ಚಪ್ಪಲಿ ಸವೆದಿದೆ ಹೇಳು ನೋಡೋಣ. ಎಲ್ಲಾ ಕಡೆ ಕಳಿಸೋಕೆ ಆಗುತ್ತಾ? ಹೊಟ್ಟೆಪಾಡು."

ಹೊಟ್ಟೆಪಾಡು. ಹಸಿದವರ ಮಾತನ್ನು ಹೊಟ್ಟೆ ತುಂಬಿದವರು ಎಷ್ಟು ಸಲೀಸಾಗಿ ಎರವಲು ತರುತ್ತಾರೆ! ಅವಳೂ ತಂದಿದ್ದಳು, ಎಷ್ಟೋ ಸಲ.

"ನಾಳೆ ಏನು ಹೇಳ್ಲಿ ಸರ್?"

"ನಿನ್ನ ತಂಗಿ ಹೇಳಿಕೊಟ್ಟಿದ್ದನ್ನೇ ಹೇಳು. ಹೋಗಿದ್ದೆ, ಮನೆ ಇತ್ತು, ಕೇಳ್ಕೊಂಡು ಹೋದೆ, ಬರೆಯೋವಾಗ ಒಂದು ಮಾತು ಬಿಟ್ಟುಹೋಯ್ತು ಅಂತ. ಅವರ ಮನೆ ಉಳಿಯುತ್ತೆ, ನಮ್ಮ ಹೆಜ್ಜೆನೂ ಉಳಿಯುತ್ತೆ. ಮುಂದಿನ ಆವೃತ್ತಿಯಲ್ಲಿ ತಿದ್ದಿದ್ರಾಯ್ತು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೇರೆ ಏನಾದ್ರೂ ಹೇಳಿದ್ರೆ, ನೋಡಮ್ಮಾ, ನಿನ್ನೊಬ್ಬಳ ಕಾಲಿನ ಪ್ರಶ್ನೆ ಅಲ್ಲ. ಪುಸ್ತಕದಲ್ಲಿರೋ ಎಲ್ಲರ ಕಾಲೂ ಹೋಗುತ್ತೆ."

ಎಷ್ಟು ಚಂದದ ಸುಳ್ಳು! ಯಾರಿಗೂ ನೋವಿಲ್ಲ. ಚಿಕ್ಕಮ್ಮನ ಕೋಣೆ ಉಳಿಯುವುದೇ ಮುಖ್ಯವಾದರೆ ಹೇಗೆ ಉಳಿದರೇನು? ಹಾಗೆಂದುಕೊಂಡು ಅವಳು ಮನೆಗೆ ಹೋದಳು. ನಿದ್ದೆಯೂ ಬಂತು.

ನಗರಸಭೆಯ ವಿಭಾಗ ಕಚೇರಿಯಲ್ಲಿ ವಿಚಾರಣೆಗೆ ಬೇರೆ ಕೋಣೆ ಇರಲಿಲ್ಲ. ಜನನ ಮರಣ ನೋಂದಣಿಯ ಕೌಂಟರಿನ ಪಕ್ಕದಲ್ಲೇ ಒಂದು ಮೇಜು ಎಳೆದು ಹಾಕಿದ್ದರು. ತಿರುಗುವ ಫ್ಯಾನಿಗೆ ಹಾಳೆಗಳು ಹಾರದಂತೆ ಗುಮಾಸ್ತೆ ಅವುಗಳ ಮೇಲೆ ಚಹಾ ಲೋಟ ಇಟ್ಟಿದ್ದಳು. ಮೇಜಿನ ಹಿಂದೆ ಅಧಿಕಾರಿ. ತಲೆನೋವಿನವರಂತೆ ಹುಬ್ಬು ಒತ್ತಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸು.

ಚಿಕ್ಕಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದರು. ಎಷ್ಟು ಇಳಿದುಹೋಗಿದ್ದರು! ಅಮ್ಮನಿಗೆ ಕಾಯಿಲೆಯಾಗಿದ್ದಾಗ ಅವಳು ಇದೇ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದವಳು. ಬಸ್ ಡ್ರೈವರಾಗಿದ್ದ ಚಿಕ್ಕಪ್ಪ ಡಿಪೋದಿಂದ ಹಳೆಯ ಮಾರ್ಗಗಳ ನಕ್ಷೆಗಳನ್ನು ತಂದುಕೊಡುತ್ತಿದ್ದರು. ಅವಳು ಅವುಗಳ ಮೇಲೆ ಬೋರಲು ಬಿದ್ದುಕೊಂಡಿರುತ್ತಿದ್ದುದನ್ನು ನೋಡಿ 'ಭೂಪಟ' ಎಂದು ಹೆಸರಿಟ್ಟಿದ್ದರು.

"ಬಂದ್ಯಾ ಭೂಪಟ?" ಚಿಕ್ಕಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಬಡಕಲಾಗಿದ್ದೀಯ. ಕೆಲಸ ಬಿಟ್ಟು ಬರಬೇಕಾಯ್ತಲ್ಲ ಪಾಪ. ಹೆದರ್ಬೇಡ, ನಿಂಗೇನೂ ತೊಂದರೆ ಆಗೋ ಹಾಗೆ ನಾನು ಮಾತಾಡಲ್ಲ."

ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ಅವಳನ್ನು ನೋಡಿ ಹಳೆಯ ಗೆಳೆಯನಂತೆ ಕೈಯೆತ್ತಿದ. ಆಮೇಲೆ ಕೈಪಿಡಿಯನ್ನು ಮೇಜಿನ ಮೇಲಿಟ್ಟು ಆ ಪುಟ ತೆರೆದ, ಮುನ್ನುಡಿಯ ದಪ್ಪಕ್ಷರವನ್ನೂ ತೋರಿಸಿದ. ಬಾಡಿಗೆಯ ಮಾತು ಬಂದಾಗ, ಅದು ಸಾಮಾನು ಇಡಲು ಕೊಟ್ಟ ಜಾಗ, ಮಂಚ ಹಾಕಲು ಯಾರೂ ಹೇಳಿರಲಿಲ್ಲ ಎಂದ.

ಅಧಿಕಾರಿ ಮೊದಲು ಚಿಕ್ಕಮ್ಮನನ್ನು ಕರೆದರು.

"ಈ ಬರೆದವರು ನಿಮ್ಮ ಸಂಬಂಧಿ ಅಂತೆ. ಇವರು ನಿಮ್ಮಲ್ಲಿಗೆ ಬಂದಾಗ ನಿಮ್ಮನ್ನ ಕೇಳಿ ಮೇಲೆ ಹೋದ್ರಾ?"

ತಂಗಿ ತಾಯಿಯ ಕಡೆ ಬಗ್ಗಿ ಏನೋ ಪಿಸುಗುಟ್ಟಿದಳು. ಚಿಕ್ಕಮ್ಮ ಅವಳ ಕೈ ಸರಿಸಿದರು.

"ಕೇಳ್ಲಿಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಲಿ? ನಾನು ನಲ್ಲಿ ಹತ್ರ ಇದ್ದೆ ಅನ್ಸುತ್ತೆ. ನಮ್ಮ ಯಜಮಾನರಿಗೆ ಮಂಪರು. ಬಾಗಿಲು ತೆಗೆದಿತ್ತು, ಹೋಗಿದ್ದಾಳೆ. ಆದ್ರೆ ಬಂದಿದ್ದು ನಿಜ. ನಾವು ಸಾಕಿದ ಹುಡುಗಿ ಮೇಡಂ, ಬರದೇ ಬಂದೆ ಅಂತ ಬರೆಯೋಳಲ್ಲ. ಅವಸರದಲ್ಲಿ ಇದ್ಲು, ಅಷ್ಟೇ. ಅವಳ ಮೇಲೆ ನಮಗೇನೂ ಬೇಜಾರಿಲ್ಲ."

"ಸಾಕು ಮೇಡಂ," ಎಂದ ಮ್ಯಾನೇಜರ್. "ಇನ್ನೇನು ಬೇಕು? ಮನೆಯವರೇ ಒಪ್ಪಿಕೊಂಡ್ರು. ಹೊರಗಿನವರು ಕೇಳದೆ ಹೇಳದೆ ಹತ್ತಿ ಇಳೀತಾರೆ. ಇದನ್ನ ದಾರಿ ಅಂತಾರೆ, ಮನೆ ಅನ್ನಲ್ಲ."

ಗುಮಾಸ್ತೆ ಬರೆದುಕೊಳ್ಳತೊಡಗಿದಳು. ಚಿಕ್ಕಮ್ಮ ಬೆಂಚಿನಲ್ಲಿದ್ದ ಅವಳ ಕಡೆ ತಿರುಗಿ, ನೋಡಿದ್ಯಾ, ನಿನ್ನ ಮರ್ಯಾದೆ ಕಾಪಾಡಿದೆ ಎಂಬಂತೆ, ನಕ್ಕರು. ತನ್ನ ತಲೆಯ ಮೇಲಿನ ಸೂರನ್ನು ತಾನೇ ಕಳಚಿ ಎದುರಾಳಿಯ ಕೈಗಿತ್ತದ್ದು ಅವರಿಗೆ ತಿಳಿದಿರಲಿಲ್ಲ.

ಅಧಿಕಾರಿ ಅವಳನ್ನು ಕರೆದರು. ಅವಳು ಎದ್ದು ನಿಂತಳು. ನಿನ್ನೆಯ ಚಂದದ ಸುಳ್ಳು ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಅದು ನಿಲ್ಲಬೇಕಾದರೆ ಈಗ ಚಿಕ್ಕಮ್ಮ ಹೇಳಿದ್ದು ಬೀಳಬೇಕಿತ್ತು.

"ನಾನು ಕೇಳ್ಕೊಂಡೇ ಹೋಗಿದ್ದೆ ಮೇಡಂ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಚಿಕ್ಕಮ್ಮನಿಗೆ ವಯಸ್ಸಾಗಿದೆ. ಅವರಿಗೆ... ಸರಿಯಾಗಿ ನೆನಪಿಲ್ಲ."

ಬೆಂಚಿನ ಮೇಲಿದ್ದ ಚಿಕ್ಕಮ್ಮ ತಲೆಯಾಡಿಸಿದರು. ಎಲ್ಲಿ ತಪ್ಪಿದೆ ಎಂದು ಅವರಿಗೆ ಅರ್ಥವಾಗಿರಲಿಲ್ಲ. ಹುಡುಗಿಗೆ ಆಸರೆ ಬೇಕಾಗಿದೆ ಎಂದಷ್ಟೇ ಅರ್ಥವಾಗಿತ್ತು.

"ಹೌದು ಮೇಡಂ," ಎಂದರು ಅವಸರವಸರವಾಗಿ. "ನನಗೆ ಮರೆವು. ಒಲೆ ಮೇಲೆ ಏನಿಟ್ಟಿದ್ದೀನಿ ಅನ್ನೋದೂ ಮರೆತುಹೋಗುತ್ತೆ. ಅವಳು ಹೇಳಿದ ಹಾಗೇ ಬರ್ಕೊಳ್ಳಿ."

"ಅಮ್ಮಾ, ನಿಂಗ್ಯಾವ ಮರೆವು?" ತಂಗಿ ಎದ್ದಳು. "ಅಪ್ಪನ ಮಾತ್ರೆ ಒಂದು ಹೊತ್ತು ತಪ್ಪಿಸಿದ್ದೀಯಾ?"

"ನೀನು ಸುಮ್ಮನಿರು. ದೊಡ್ಡೋರು ಮಾತಾಡುವಾಗ..."

"ತೀರ್ಮಾನ ಮಾಡ್ಕೊಳ್ಳಿ," ಎಂದ ಮ್ಯಾನೇಜರ್ ನಗುತ್ತ. "ನೆನಪಿದ್ಯೋ, ಮರೆವೋ? ಬೇಕಾದ್ರೆ ಡಾಕ್ಟರ್ ಹತ್ರ ಬರೆಸ್ಕೊಂಡು ಬರ್ಲಿ."

ಚಿಕ್ಕಮ್ಮ ಇಷ್ಟು ಜನರೆದುರು ಮಂಕು ಮುದುಕಿಯಾಗಿ ಕೂತಿದ್ದರು. ಅವಳಿಗಾಗಿ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಅವಳು ತಿಳಿದಿದ್ದಳು. ಅಲ್ಲ, ಕೈಕಾಲು ತಣ್ಣಗಾಗುತ್ತದೆ.

"ನಾನು ಹೋಗಿರ್ಲಿಲ್ಲ," ಎಂದಳು.

"ಏನಂದ್ರಿ?"

"ಅಲ್ಲಿಗೆ ನಾನು ಹೋಗೇ ಇರ್ಲಿಲ್ಲ ಮೇಡಂ. ಮೆಟ್ಟಿಲು ನೋಡಿಲ್ಲ. ಬಾಗಿಲು ನೋಡಿಲ್ಲ. ಚಿಕ್ಕಮ್ಮನ ನೆನಪು ಸರಿಯಾಗೇ ಇದೆ. ನಾನು ಈಗ ಹೇಳಿದ್ದೂ ಸುಳ್ಳು, ಬರೆದಿದ್ದೂ ಸುಳ್ಳು. ಇವರು ಫೋನಲ್ಲಿ ಹೇಳಿದ್ರು, ಬರೆದೆ."

ಮ್ಯಾನೇಜರನ ನಗು ಮಾಯವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾನು ಹೇಳಿದ್ದು ಹೌದು," ಎಂದ. "ನಮ್ಮ ಜಾಗ, ಚೆನ್ನಾಗಿದೆ ಅಂತ ಹೇಳ್ತೀನಿ, ಯಾರು ಹೇಳಲ್ಲ? ನಡೆದು ನೋಡಿದೆ ಅಂತ ಕಾಲೊತ್ತಿದ್ದು ನೀವು. ನಾನೇನು ನಿಮ್ಮ ಕಾಲು ಹಿಡಿದು ಒತ್ತಿಸಿದ್ನಾ?"

ಆ ಕೋಣೆಯಲ್ಲಿ ಅಂದು ಅವನಾಡಿದ್ದರಲ್ಲಿ ಅದೊಂದು ಮಾತು ನಿಜವಾಗಿತ್ತು.

ಅಧಿಕಾರಿ ಪುಸ್ತಕವನ್ನು ಎಳೆದುಕೊಂಡು ಪುಟ ತಿರುವಿದರು. "ಹೋದ ರಜೆಗೆ ಇದನ್ನ ನೋಡ್ಕೊಂಡೇ ನಾವು ಗುಡ್ಡದ ಕಡೆ ಹೋಗಿದ್ವಿ," ಎಂದರು, ತಮಗೆ ತಾವೇ ಎಂಬಂತೆ. "ಹಾಗಾದ್ರೆ ಇದರಲ್ಲಿ ನೀವು ನಿಜವಾಗ್ಲೂ ನಡೆದಿದ್ದು ಯಾವ್ಯಾವುದು?"

ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಅವಳು ನೋಡಿದಳು. ಕೆಂಪು ಪಾದಗಳು ಪುಟದಿಂದ ಪುಟಕ್ಕೆ ನಡೆದುಹೋಗುತ್ತಿದ್ದವು. ಹಳೆಯ ದೀಪಸ್ತಂಭ, ಹೋಗಿದ್ದಳೇ? ಅಲ್ಲಿಯ ಗಾಳಿಯ ಬಗ್ಗೆ ಬರೆದದ್ದು ನೆನಪಿತ್ತು, ಗಾಳಿ ನೆನಪಿರಲಿಲ್ಲ. ಪಕ್ಷಿಗಳ ಕೆರೆ, ಗಾಜಿನ ಕಾರ್ಖಾನೆ, ಕಮ್ಮಾರರ ಬೀದಿ. ಎಲ್ಲವೂ ಒಂದೇ ದನಿಯಲ್ಲಿ, ಒಂದೇ ಉತ್ಸಾಹದಲ್ಲಿ ಬರೆದದ್ದು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬರೆದವಳಿಗೇ ಬೇರ್ಪಡಿಸಲಾಗಲಿಲ್ಲ.

"ಗೊತ್ತಾಗ್ತಿಲ್ಲ ಮೇಡಂ," ಎಂದಳು.

ತಂಗಿ ಬೆಂಚಿನಿಂದಲೇ ಕೇಳಿದಳು, ಮೆಲ್ಲಗೆ: "ಹಾಗಾದ್ರೆ ಇನ್ನೂ ಎಷ್ಟು ಜನರ ಮನೆ ಇದೆ ಅಕ್ಕ, ಇದರೊಳಗೆ?"

ಪುಸ್ತಕವನ್ನು ಸಾಕ್ಷಿಯಾಗಿ ಪರಿಗಣಿಸುವುದಿಲ್ಲ ಎಂದು ಅಧಿಕಾರಿ ಬರೆಸಿದರು. ಅರ್ಜಿ ವಜಾ ಆಗಲಿಲ್ಲ. ತಾವೇ ಬಂದು ಜಾಗ ನೋಡುತ್ತೇವೆ, ಅಲ್ಲಿಯವರೆಗೆ ಯಾರೂ ಯಾರನ್ನೂ ಎಬ್ಬಿಸಕೂಡದು, ಬೋರ್ಡು ಹಾಕಿದರೆ ಕೀಳಕೂಡದು ಎಂದರು. ಮ್ಯಾನೇಜರ್ ಹೊರಗೆ ಹೋಗುತ್ತಲೇ ಪ್ರಕಾಶನಕ್ಕೆ ಫೋನು ಹಚ್ಚಿದ್ದು ಎಲ್ಲರಿಗೂ ಕೇಳಿಸಿತು. ಅವನ ದನಿ ಈಗಲೂ ಸಿಹಿಯಾಗಿಯೇ ಇತ್ತು.

ಹೊರಗಿನ ಮೆಟ್ಟಿಲ ಮೇಲೆ ಚಿಕ್ಕಮ್ಮ ನಿಂತರು. ಕೋಣೆ ಸದ್ಯಕ್ಕೆ ಉಳಿದ ಸಮಾಧಾನವೇನೂ ಅವರ ಮುಖದ ಮೇಲಿರಲಿಲ್ಲ.

"ಬಂದೇ ಇರ್ಲಿಲ್ವಾ?"

"ಇಲ್ಲ ಚಿಕ್ಕಮ್ಮ."

"ಬಾಗಿಲ ತನಕಾನೂ?"

"ಇಲ್ಲ."

"ನಾನು ಎಲ್ಲರ ಹತ್ರ ಹೇಳ್ಕೊಂಡಿದ್ದೆ. ಬಂದು ಹೋದ್ಲು, ಕೂಗಲಿಲ್ಲ, ಕಳ್ಳಿ ಅಂತ." ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ನಿನ್ನ ಚಿಕ್ಕಪ್ಪನಿಗೂ ಹೇಳಿದ್ದೀನಿ. ಅದನ್ನ ವಾಪಸ್ ತಗೊಳ್ಳೋಕೆ ನನ್ನ ಕೈಲಾಗಲ್ಲ ಮಗಳೇ. ನೀನೇ ಬಂದು ಹೇಳು."

ಮೂವರೂ ಬಸ್ಸು ಹತ್ತಿದರು. ಗಿರಣಿಯ ಗೋಡೆ ಮುಗಿದಲ್ಲಿ ಇಳಿದು, ಸಾಲುಮನೆಗಳ ಹಿಂಬದಿಯ ಇಕ್ಕಟ್ಟಿನಲ್ಲಿ ಚಿಕ್ಕಮ್ಮನ ಹಿಂದೆ ಅವಳು ನಡೆದಳು. ಒಣಹಾಕಿದ ಬಟ್ಟೆಗಳ ಅಡಿಯಲ್ಲಿ ತಲೆ ತಗ್ಗಿಸಬೇಕಾಗಿತ್ತು. ನಲ್ಲಿಯ ಸುತ್ತ ಕೊಡಗಳಿಟ್ಟು ನಿಂತ ಹೆಂಗಸರು ಅವಳನ್ನೂ, ಭುಜದ ಚೀಲವನ್ನೂ ನೋಡಿ ಮುಖ ತಿರುಗಿಸಿಕೊಂಡರು. ಒಬ್ಬರೂ ನಗಲಿಲ್ಲ.

ಬಾಗಿಲು ತೆರೆದಿತ್ತು. ಒಳಗೆ ಒಂದು ಬದಿಗೆ ಒಲೆ, ಇನ್ನೊಂದು ಬದಿಗೆ ಮಂಚ, ನಡುವೆ ಗೋಡೆಯೊಳಗಿಂದ ಹೊರಟು ಮೇಲೆ ಬೆಳಕಿಗೆ ಹೋಗುವ ಕಲ್ಲುಮೆಟ್ಟಿಲು. ಕೆಳಗಿನ ಮೆಟ್ಟಿಲುಗಳ ಮೇಲೆ ಪಾತ್ರೆ, ಔಷಧಿ ಬಾಟಲಿ, ಮಡಿಸಿದ ದುಪ್ಪಟಿ ಜೋಡಿಸಿದ್ದರು. ನಡುವೆ ಬೂಟುಗಳ ಮಣ್ಣು ಒಣಗಿತ್ತು.

ಚಿಕ್ಕಪ್ಪ ಗೋಡೆಗೊರಗಿಸಿದ ದಿಂಬಿನ ಮೇಲೆ ಎಚ್ಚರವಾಗಿಯೇ ಇದ್ದರು. ಮುಖದ ಒಂದು ಬದಿ ಇಳಿದಿತ್ತು. ಅವಳನ್ನು ಕಂಡು ಇನ್ನೊಂದು ಬದಿ ಅರಳಿತು.

"ಭೂಪಟ!" ಮಾತು ನಿಧಾನ, ತುಸು ತೊದಲು. "ಈ ಸಲ ಸಿಕ್ಕಿಬಿದ್ದೆ ನೋಡು. ಆವತ್ತು ಯಾಕೆ ಎಬ್ಬಿಸ್ಲಿಲ್ಲ? ಕಾಲು ಹಿಡಿದು ಅಲ್ಲಾಡಿಸೋದಲ್ವಾ?"

ಅವಳು ಮಂಚದ ಪಕ್ಕ ಕುಸಿದು ಕೂತಳು.

"ಆವತ್ತಿಂದ ನಾನು ಹಗಲು ಮಲಗೋದೇ ಬಿಟ್ಟೆ," ಎಂದರು ಅವರು, ಏನೋ ಜಾಣತನ ಮಾಡಿದವರ ಹೆಮ್ಮೆಯಲ್ಲಿ. "ಮತ್ತೆ ಬಂದ್ರೆ ತಪ್ಪಿಹೋಗ್ಬಾರ್ದಲ್ಲ. ನಿನ್ನ ಚಿಕ್ಕಮ್ಮ ಬೈತಾಳೆ, ಕಣ್ಣು ಮುಚ್ಚಿ ಕಣ್ಣು ಮುಚ್ಚಿ ಅಂತ. ಯಾರ ಬೂಟಿನ ಸದ್ದು ಕೇಳಿದ್ರೂ ನೋಡ್ತೀನಿ. ನೀನಲ್ಲ."

ನಗರಸಭೆಯ ಕಚೇರಿಯಲ್ಲಿ, ಮೇಜಿನೆದುರು, ನಿಜ ಹೇಳುವುದಕ್ಕೆ ಒಂದು ಎತ್ತರವಿತ್ತು. ಇಲ್ಲಿ ಅದಾವುದೂ ಇರಲಿಲ್ಲ. ಚಿಕ್ಕಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

"ಚಿಕ್ಕಪ್ಪ, ಆವತ್ತು ನಾನು ಬಂದಿರ್ಲಿಲ್ಲ."

"ಹಾಂ?"

"ಬರದೇ ಬಂದೆ ಅಂತ ಬರೆದಿದ್ದು."

ಅವರು ಅವಳನ್ನೇ ನೋಡುತ್ತಿದ್ದರು. ಅರಳಿದ್ದ ಬದಿ ನಿಧಾನವಾಗಿ ಇಳಿದು ಇನ್ನೊಂದು ಬದಿಯಂತಾಯಿತು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಹಾಗೋ," ಎಂದರು ಕೊನೆಗೆ. "ಹಾಗಾದ್ರೆ ಇನ್ನು ಹಗಲು ಮಲಗ್ಬಹುದು." ಆಮೇಲೆ ಹೆಂಡತಿಯ ಕಡೆ ನೋಡಿ, "ನನ್ನನ್ನ ಗೋಡೆ ಕಡೆ ತಿರುಗಿಸು."

"ಬಾ, ಆ ಕಡೆಯಿಂದ ಹಿಡ್ಕೋ," ಎಂದರು ಚಿಕ್ಕಮ್ಮ ಅವಳಿಗೆ.

ಅವಳು ಎದ್ದು ಕೈ ಚಾಚಿದಳು. ಭುಜ ಹಿಡಿಯಬೇಕೋ, ಸೊಂಟವೋ, ಎಲ್ಲಿ ಮುಟ್ಟಿದರೆ ನೋಯುತ್ತದೋ ಅವಳಿಗೆ ತಿಳಿಯಲಿಲ್ಲ. ಕೈಗಳು ಅವರ ಮೈಮೇಲೆ ಗಾಳಿಯಲ್ಲೇ ನಿಂತವು.

"ಸ್ವಲ್ಪ ಸರಿ ಅಕ್ಕ," ಎಂದು ತಂಗಿ ನಡುವೆ ಬಂದಳು. ಒಂದು ಕೈ ಬೆನ್ನಿನಡಿ, ಒಂದು ಕೈ ಮಂಡಿಯಡಿ ತೂರಿಸಿ, ತಾಯಿಯೊಡನೆ ಒಂದೇ ಉಸಿರಿಗೆ ಅವರನ್ನು ಗೋಡೆಯ ಕಡೆ ತಿರುಗಿಸಿದಳು.